ಮಾತಾಡಿಸಲು ಬಂದವರು

ಜನ ನೆನಪನ್ನು ಹೇಗೆ ಕಳೆದುಕೊಳ್ಳುತ್ತಾರೆ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ಸಿಟ್ಟು ಬರುತ್ತದೆ, ಉತ್ತರ ಆಮೇಲೆ. ಕಿವಿಯ ಹಿಂದೆ ನೆನಪಿನ ಬಿಲ್ಲೆ ಇರುವುದನ್ನು ಮರೆತು ಹಂಡೆಯ ಸುಡುನೀರನ್ನು ತಲೆಗೆ ಹುಯ್ದುಕೊಂಡವರಿದ್ದಾರೆ. ಬಸ್ ಸ್ಟ್ಯಾಂಡಿನ ಮೊಬೈಲ್ ಅಂಗಡಿಯವನು ಅಗ್ಗಕ್ಕೆ ಬಿಲ್ಲೆಯ ಜಾಗ ಹೆಚ್ಚಿಸಿಕೊಡುತ್ತೇನೆ ಎಂದದ್ದನ್ನು ನಂಬಿ ಅವನ ಮುಂದೆ ತಲೆಬಗ್ಗಿಸಿ ಕೂತು, ಏಳುವಾಗ ಹೆಂಡತಿಯ ಹೆಸರಿಲ್ಲದೆ ಎದ್ದವರಿದ್ದಾರೆ. ಗುಡುಗು ಸಿಡಿಲಿನಲ್ಲಿ ಚಾರ್ಜಿಗೆ ಹಾಕಿಕೊಂಡು ಮಲಗಿದವರು, ಸ್ಕೂಟರಿನಿಂದ ಬಿದ್ದು ಬಿಲ್ಲೆ ಒಡೆದುಕೊಂಡವರು, ಬೇಡದ್ದನ್ನು ಅಳಿಸುತ್ತೇನೆಂದು ಹೋಗಿ ಬೇಕಾದ್ದನ್ನೇ ಅಳಿಸಿಕೊಂಡವರು. ಎಲ್ಲರೂ ಬಂದು ಹೇಳುವುದು ಒಂದೇ ಮಾತು: "ನಾವೇನೂ ಮಾಡ್ಲಿಲ್ಲ ಸಾರ್, ತಾನಾಗೇ ಹೋಯ್ತು."

ಇವೆಲ್ಲ ನನಗೆ ದೊಡ್ಡ ಸಂಗತಿಗಳಲ್ಲ. ನೆನಪು ಕಳೆಯುವುದು ಒಂದು ಕ್ಷಣದ ಕೆಲಸ. ಅದು ವಾಪಸ್ಸು ಬಾರದ ಹಾಗೆ ಹೋಗುವುದು ಮಾತ್ರ ಕಳೆದ ಮೇಲೆ ನಾವು ಮಾಡುವ ಕೆಲಸದಿಂದ. ಸುಮ್ಮನಿದ್ದವರಿಗೆ ಅರ್ಧವಾದರೂ ಸಿಗುತ್ತದೆ. ಆದರೆ ನಮ್ಮ ಜನಕ್ಕೆ ಸುಮ್ಮನಿರುವುದೊಂದು ಬರುವುದಿಲ್ಲ.

ನನ್ನ ಹೆಸರು ತಿಪ್ಪೇಸ್ವಾಮಿ. ಚಿತ್ರದುರ್ಗದಲ್ಲಿ ಹೆದ್ದಾರಿಯ ಪಕ್ಕದ ನೆನಪು ಕೇಂದ್ರದಲ್ಲಿ, ಕಳೆದದ್ದನ್ನು ಹುಡುಕಿಕೊಡುವ ವಿಭಾಗ ನನ್ನದು. ಲಕ್ವ ಹೊಡೆದೋ ವಯಸ್ಸಾಗಿಯೋ ಮಿದುಳಿನ ನೆನಪಿನ ಭಾಗ ಬತ್ತತೊಡಗಿದರೆ, ಅಲ್ಲಿ ಇರುವುದನ್ನೆಲ್ಲ ಡಾಕ್ಟರುಗಳು ನಿಧಾನವಾಗಿ ಒಂದು ಬಿಲ್ಲೆಗೆ ಇಳಿಸುತ್ತಾರೆ. ಎಂಟಾಣೆ ಅಗಲದ ಬಿಲ್ಲೆ, ಕಿವಿಯ ಹಿಂದೆ ಚರ್ಮದ ಕೆಳಗೆ ಕೂರುತ್ತದೆ. ಅಲ್ಲಿಂದ ಮುಂದೆ ಆ ಮನುಷ್ಯನ ಹಳೆಯದೂ ಹೊಸದೂ ಅದರಲ್ಲೇ. ಮೊದಮೊದಲು ಜನ ಹೆದರುತ್ತಿದ್ದರು. ಈಗ ಕನ್ನಡಕ ಹಾಕಿಸಿಕೊಂಡಷ್ಟು ಸಲೀಸು.

ಅವತ್ತು ಸಂಜೆ ಹಿರಿಯೂರಿನಿಂದ ಫೋನ್ ಬಂತು.

"ಸಾರ್, ನಾನು ವಿನುತಾ ಅಂತ. ಬಸ್ ಕಂಡಕ್ಟರ್. ಈಗ ಡ್ಯೂಟಿ ಮುಗಿಸಿ ಮನೆಗ್ ಬಂದೆ. ನಮ್ಮಮ್ಮ ಬಾಗ್ಲು ತೆಗೆದು, ಯಾರ್ ಬೇಕಾಗಿತ್ತು ಅಂತ ಕೇಳಿದ್ರು."

ಆ ದನಿಯಲ್ಲಿ ಅಳು ಇರಲಿಲ್ಲ. ಅಳುವುದಕ್ಕೂ ಸ್ವಲ್ಪ ಹೊತ್ತು ಬೇಕು, ಅವಳಿಗೆ ಅಷ್ಟು ಹೊತ್ತೂ ಸಿಕ್ಕಿರಲಿಲ್ಲ.

"ಮಧ್ಯಾಹ್ನ ಕರೆಂಟ್ ಹೋಗಿತ್ತಾ?"

"ಹೋಗಿ ಬಂದು ಮಾಡ್ತಿತ್ತಂತೆ ಸಾರ್, ಪಕ್ಕದ್ಮನೆಯೋರು ಹೇಳಿದ್ರು. ನಿಮ್ ಸೆಂಟರ್‌ನಿಂದ ಬಿಲ್ಲೆಗೆ ಹೊಸ ಪ್ರೋಗ್ರಾಮ್ ಇಳಿಸ್ತೀವಿ, ಮಲಗಿದಾಗ ದಿಂಬಿನ ವೈರ್ ಹಾಕಿಡಿ ಅಂತ ಮೆಸೇಜ್ ಬಂದಿತ್ತು. ಹಾಕಿಟ್ಟು ಹೋಗಿದ್ದೆ."

"ಈಗ ನೀನು ಎಲ್ಲಿದ್ದೀಯಮ್ಮ?"

"ಹೊರಗೆ, ಜಗಲಿ ಮೇಲೆ."

"ಅಲ್ಲೇ ಇರು. ಒಳಗೆ ಹೋಗ್ಬೇಡ, ಅವರ ಮುಂದೆ ನಿಲ್ಬೇಡ, ನಾನು ನಿನ್ನ ಮಗಳು ಅಂತ ಹೇಳ್ಬೇಡ. ಅವರ ನೆನಪಿನ ಪ್ರತಿ ನಮ್ಮ ಹತ್ರ ಇದೆ. ಗಾಬರಿ ಬೇಡ."

ಇಷ್ಟು ಹೇಳಿ ಫೋನ್ ಇಟ್ಟು, ನಸ್ರೀನಳಿಗೆ ಆ ಪ್ರತಿ ತೆರೆಯಲು ಹೇಳಿದೆ. ನಸ್ರೀನ್ ನಮ್ಮ ಕಂಟ್ರೋಲ್ ರೂಮಿನಲ್ಲಿ ಪರದೆಗಳ ಮುಂದೆ ಕೂರುವವಳು, ಮಾತು ಕಡಿಮೆ. ತೆರೆದಳು, ನೋಡಿದಳು, ಕುರ್ಚಿ ಹಿಂದಕ್ಕೆ ತಳ್ಳಿ ನನಗೆ ಜಾಗ ಬಿಟ್ಟಳು. ಪ್ರತಿಯಲ್ಲಿ ಏನೂ ಇರಲಿಲ್ಲ.

ಆದದ್ದು ಇಷ್ಟೇ. ಪ್ರೋಗ್ರಾಮ್ ಇಳಿಯುತ್ತಿದ್ದಾಗ ಕರೆಂಟ್ ಕೈಕೊಟ್ಟಿತು, ಬಿಲ್ಲೆಯಲ್ಲಿ ಯಾವ ನೆನಪು ಎಲ್ಲಿದೆ ಎಂಬ ವಿಳಾಸಗಳೆಲ್ಲ ಹಾರಿಹೋದವು. ನೆನಪು ಇದ್ದಲ್ಲೇ ಇತ್ತು. ಬಿಲ್ಲೆ ಮಾತ್ರ ತಾನು ಖಾಲಿ ಎಂದುಕೊಂಡಿತು. ಅದಾಗಿ ಸ್ವಲ್ಪ ಹೊತ್ತಿಗೆ ನಮ್ಮ ಯಂತ್ರ ಎಂದಿನಂತೆ ಪ್ರತಿ ತೆಗೆದುಕೊಳ್ಳಲು ಹೋಯಿತು. ಬಿಲ್ಲೆ ಖಾಲಿ ಎಂದಿತು, ಯಂತ್ರವೂ ವಿಧೇಯವಾಗಿ ಖಾಲಿ ಎಂದು ಬರೆದುಕೊಂಡು, ಒಳ್ಳೆಯ ಪ್ರತಿಯನ್ನು ಒರೆಸಿಹಾಕಿತು. ಮೇಲೆ ಹಸಿರು ದೀಪ ಬೇರೆ, ಕೆಲಸ ಸರಿಯಾಗಿ ಆಗಿದೆ ಎಂದು. ಕನ್ನಡಿ ಇಟ್ಟುಕೊಂಡು ಅದನ್ನೇ ಪ್ರತಿ ಎಂದು ಕರೆಯುತ್ತಿದ್ದೆವು ನಾವು. ಮುಖ ಹೋದರೆ ಕನ್ನಡಿಯಲ್ಲೂ ಮುಖ ಹೋಗುತ್ತದೆ. ಇವತ್ತಿನದು, ನಿನ್ನೆಯದು, ಹೋದ ವಾರದ್ದು, ಎಲ್ಲವನ್ನೂ ಬೇರೆ ಬೇರೆ ಇಡಿ ಎಂದು ನಾನು ಮೀಟಿಂಗಿನಲ್ಲಿ ಬಡಕೊಂಡಿದ್ದೆ. ಜಾಗ ಸಾಲದು ಎಂದಿದ್ದರು ಡೈರೆಕ್ಟರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಬುದ್ಧಿ ನಮ್ಮದು. ಅದೂ ಕೋಟೆಯ ಊರಿನಲ್ಲೇ ಕೂತು.

ವಿನುತಾಳ ಮನೆ ಹಿರಿಯೂರಿನಲ್ಲಿ ಸಂತೆಬೀದಿಯ ಹಿಂದೆ. ಓದುವ ದಿಂಬು ಹಿಡಿದುಕೊಂಡು ನಾನು ಹೋದಾಗ ಅವಳು ಖಾಕಿ ಬಟ್ಟೆಯಲ್ಲೇ ಜಗಲಿಯ ಮೇಲೆ ಕೂತಿದ್ದಳು. ಚಳ್ಳಕೆರೆಯಿಂದ ಅವಳ ಚಿಕ್ಕಮ್ಮ, ಗಂಗಮ್ಮ, ಆಗಲೇ ಬಂದಿದ್ದರು. ಒಳಗೆ ಮಂಚದ ಮೇಲೆ ಪಂಕಜಾಕ್ಷಿ. ಊರಿನ ಹೆರಿಗೆ ಆಸ್ಪತ್ರೆಯಲ್ಲಿ ಇಡೀ ನೌಕರಿ ಕಳೆದು ನಿವೃತ್ತರಾದವರು, ಊರಿನ ಅರ್ಧ ಜನರನ್ನು ಮೊದಲು ಎತ್ತಿಕೊಂಡ ಕೈ ಅವರದು. ಎಲ್ಲರಿಗೂ ಪಂಕಜಾ ಸಿಸ್ಟರ್. ಗಂಡ ಬೇಗ ತೀರಿಕೊಂಡು, ಒಬ್ಬಳೇ ಮಗಳನ್ನು ಬೆಳೆಸಿದವರು.

ಪ್ರತಿ ಇಲ್ಲ ಎಂದು ನಾನು ಹೇಳಿದೆ. ಇಂಥದನ್ನು ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ.

"ಹಂಗಾದ್ರೆ ಹೋದಂಗೇನಾ ಸಾರ್?"

"ಇಲ್ಲ. ಇದೆ. ಎಲ್ಲಿದೆ ಅಂತ ಬಿಲ್ಲೆಗೆ ಗೊತ್ತಿಲ್ಲ, ಅಷ್ಟೆ. ಇದ್ದ ಜಾಗಾನೇ ಖಾಲಿ ಅಂದ್ಕೊಂಡಿದೆ. ಹೊಸದೇನಾದ್ರೂ ಕಂಡ್ರೆ, ಕೇಳಿದ್ರೆ, ಹಳೇದರ ಮೇಲೇ ಬರೆದುಬಿಡುತ್ತೆ."

ವಿನುತಾ ಅದನ್ನು ತನ್ನ ಬಸ್ಸಿನ ಲೆಕ್ಕದಲ್ಲಿ ಹಿಡಿದಳು. "ಸೀಟಿನ ಮೇಲೆ ಟವೆಲ್ ಹಾಕಿ ಟೀ ಕುಡಿಯೋಕೆ ಇಳಿದಿರ್ತಾರಲ್ಲ, ಆ ಟವೆಲ್ ಹಾರಿಹೋಗಿದೆ ಅನ್ನಿ. ಹತ್ತಿದೋರೆಲ್ಲ ಖಾಲಿ ಸೀಟು ಅಂತ ಕೂತ್ಕೊಂಬಿಡ್ತಾರೆ."

"ಅಷ್ಟೇನಮ್ಮ. ಯಾರೂ ಹತ್ತದ ಹಾಗೆ ನೋಡ್ಕೋಬೇಕು."

"ಬಿಲ್ಲೆ ಆಫ್ ಮಾಡೋಕಾಗಲ್ವಾ?" ಎಂದು ಗಂಗಮ್ಮ ಕೇಳಿದರು. ಎಲ್ಲರೂ ಕೇಳುವ ಪ್ರಶ್ನೆ. ನಾವು ಒಳಗಿನದನ್ನು ಓದಿ ಹೊರಗೆ ತೆಗೆಯಬೇಕಾದರೆ ಬಿಲ್ಲೆ ಜೀವಂತ ಇರಬೇಕು. ಜೀವಂತ ಇದ್ದರೆ ಅದು ಬರೆಯುತ್ತಲೇ ಇರುತ್ತದೆ. ಆಕೆ ನಿದ್ದೆ ಮಾಡಿದಾಗ ದಿಂಬು ಸ್ವಲ್ಪ ಸ್ವಲ್ಪವೇ ಓದುತ್ತದೆ, ಮುಗಿಯಲು ಎರಡು ವಾರವಾದರೂ ಬೇಕು. ಅಲ್ಲಿಯವರೆಗೆ ಕಿಟಕಿ ಮುಚ್ಚಿರಬೇಕು. ಟಿವಿ ಇಲ್ಲ, ಫೋನ್ ಇಲ್ಲ. ಊಟ ಕೊಡಲು ಒಬ್ಬರು, ಅವರೂ ಮುಖಕ್ಕೆ ಬಟ್ಟೆ ಕಟ್ಟಿ, ಬಾಯಿ ಬಿಡದೆ. ದಿನವೂ ಅದೇ ತಟ್ಟೆ, ಅದೇ ಅನ್ನ ಸಾರು.

"ಆ ಒಬ್ಬರು ನಾನಾಗ್ಲಾ ಸಾರ್?" ಎಂದಳು ವಿನುತಾ.

"ನೀನಂತೂ ಬೇಡವೇ ಬೇಡ. ಬೇರೆಯವರ ಮುಖ ಕಂಡ್ರೆ ಬಿಲ್ಲೆ ಒಂದು ಗೀಟು ಎಳೆದು ಸುಮ್ಮನಾಗುತ್ತೆ. ನಿನ್ನ ಮುಖ, ನಿನ್ನ ದನಿ ಸಿಕ್ಕಿದ್ರೆ ಅದು ಒಳಗೆಲ್ಲ ತಡಕಾಡುತ್ತೆ. ಸಿಗದೆ ಹೋದಲ್ಲೆಲ್ಲ ಹೊಸದು ಬರೆಯುತ್ತೆ. ಹತ್ತಿರದವರೇ ಜಾಸ್ತಿ ಹಾಳು ಮಾಡೋದು."

ಅಪರೂಪಕ್ಕೆ ಬಂದುಹೋಗುವ ಗಂಗಮ್ಮನೇ ಊಟ ಕೊಡುವುದು ಎಂದಾಯಿತು. ವಿನುತಾ ಎದ್ದು, ಕೈಯಲ್ಲಿದ್ದ ಗಾಜಿನ ಬಳೆಗಳನ್ನು ಒಂದೊಂದಾಗಿ ಬಿಚ್ಚಿ ಕಿಟಕಿಯ ಮೇಲಿಟ್ಟಳು. ತಾಯಿಗೆ ಆ ಸದ್ದಿನ ಗುರುತು ಇದ್ದೀತು ಎಂದು. "ಮಂಗಳವಾರ ಬರಿಗೈ ಮಾಡ್ಕೋತಾರೇನೇ" ಎಂದು ಗಂಗಮ್ಮ ಬೈದರು. ಬೈದವರೇ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಮೊದಲ ವಾರ ಓದುವಿಕೆ ಚೆನ್ನಾಗಿಯೇ ನಡೆಯಿತು. ಬಿಲ್ಲೆಯ ನಕ್ಷೆ ನಮ್ಮ ಪರದೆಯ ಮೇಲೆ ಹಾಸಿದ ಚಾಪೆಯ ಹಾಗೆ ಕಾಣುತ್ತದೆ. ಓದಿದ್ದು ಬಿಳಿ, ಓದಬೇಕಾದ್ದು ಬೂದು, ಹೊಸದಾಗಿ ಬರೆದುಹೋದದ್ದು ಕೆಂಪು. ವಿಳಾಸಗಳಿಲ್ಲದ್ದರಿಂದ ಬೇಕಾದ ಕಡೆ ಹಾರಿ ಹೋಗಿ ಓದುವ ಹಾಗಿಲ್ಲ, ಮೂಲೆಯಿಂದ ಸಾಲಾಗಿ ಬರಬೇಕು. ಬಿಳಿಯ ಪಟ್ಟಿ ದಿನಾ ಅಷ್ಟಷ್ಟು ಅಗಲವಾಗುತ್ತಿತ್ತು. ಆಸ್ಪತ್ರೆಯ ಉದ್ದನೆಯ ಪಡಸಾಲೆ ಸಿಕ್ಕಿತು, ಫಿನಾಯಿಲ್ ವಾಸನೆಯ ಸಮೇತ. ತಂಗಿ ಗಂಗಮ್ಮನ ಮದುವೆ ಸಿಕ್ಕಿತು. ಒಂದು ತುಣುಕು ಮಾತ್ರ ಏನೆಂದು ನಸ್ರೀನಳಿಗೆ ತಿಳಿಯಲಿಲ್ಲ. ನನ್ನನ್ನು ಕರೆದು ತೋರಿಸಿದಳು. ಒಂದು ಮಗುವಿನ ಪುಟ್ಟ ಕೈ, ಅದರ ತುಂಬ ಹಳೆಯ ಬಸ್ ಟಿಕೆಟುಗಳು. ಮುಖವಿಲ್ಲ, ಕೈ ಮಾತ್ರ.

ವಿನುತಾಳಿಗೆ ಫೋನ್ ಮಾಡಿ ಹೇಳಿದೆ.

"ಅದು ನಾನು ಸಾರ್. ಅಮ್ಮ ಡ್ಯೂಟಿಯಿಂದ ಬರುವಾಗ ಬಸ್ಸಲ್ಲಿ ಬಿದ್ದಿರೋ ಟಿಕೆಟ್ ಆರಿಸ್ಕೊಂಡು ಬರೋರು, ನನಗೆ ಆಟ ಆಡೋಕೆ. ಅವರನ್ನೇ ಕೂರಿಸ್ಕೊಂಡು ಟಿಕೆಟ್ ಟಿಕೆಟ್ ಅಂತಿದ್ದೆ. ದುಡ್ಡು ಕೊಡಿ ಅಂದ್ರೆ ಮುತ್ತು ಕೊಡೋರು." ಆಮೇಲೆ ಅವಳು ಅತ್ತಳು. "ಸಿಗ್ತೀನಿ ಅಲ್ವಾ ಸಾರ್ ನಾನು?"

ಆ ತುಣುಕಿನ ಪಕ್ಕದಲ್ಲೇ ಒಂದು ದೊಡ್ಡ ಬೂದು ಹರವು ಇತ್ತು. ಒಂದೇ ಮನುಷ್ಯನ ಬಗೆಗಿನ ನೆನಪುಗಳು ಸಾಮಾನ್ಯವಾಗಿ ಅಕ್ಕಪಕ್ಕ ಇರುತ್ತವೆ. "ಸಿಗ್ತೀಯಮ್ಮ. ಹಿಂಗೇ ಸುಮ್ಮನಿದ್ರೆ ಸಿಗ್ತೀಯ" ಎಂದೆ. ನಾನು ಸುಲಭವಾಗಿ ಭರವಸೆ ಕೊಡುವವನಲ್ಲ. ಅವತ್ತು ಕೊಟ್ಟೆ.

ಎರಡನೇ ವಾರ ಶುರುವಾಗುತ್ತಿದ್ದಂತೆ ಅವಳ ರಜೆ ಮುಗಿಯಿತು. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬರುವಳು. ಅದೇ ಹೊತ್ತಿಗೆ ಚಾಪೆಯ ಮೇಲೆ ಕೆಂಪು ಚುಕ್ಕೆಗಳು ಕಾಣಿಸಿದವು. ಮೊದಲು ಒಂದೆರಡು, ಮಾರನೆಯ ದಿನ ಹಿಡಿಯಷ್ಟು, ಅದರ ಮಾರನೆಯ ದಿನ ಆ ಬೂದು ಹರವಿನ ಅಂಚಿಗೇ ಗೆದ್ದಲು ಹತ್ತಿದ ಹಾಗೆ.

"ಸಾರ್, ಹಗಲು ಹೊತ್ತು ಆ ರೂಮಿಗೆ ಯಾರೋ ಹೋಗ್ತಿದಾರೆ" ಎಂದಳು ನಸ್ರೀನ್. "ಒಬ್ಬರಲ್ಲ."

ಗಂಗಮ್ಮನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಗಾಡಿ ಹತ್ತಿದೆ.

ಮನೆಯ ಮುಂದೆ ಚಪ್ಪಲಿಗಳು. ಬಾಗಿಲಿನಿಂದ ಬೀದಿಯವರೆಗೆ ಚಪ್ಪಲಿಗಳು. ಒಳಗೆ ಹಾಲಿನ ಮೇಜಿನ ಮೇಲೆ ಬ್ರೆಡ್ಡಿನ ಪೊಟ್ಟಣ, ಮೂಸಂಬಿ, ಎಳನೀರು, ಹಾರ್ಲಿಕ್ಸ್ ಬಾಟಲಿ, ಎರಡು ಡಜನ್ ಪುಟ್ಟಬಾಳೆ. ನನಗೆ ಎಲ್ಲ ಅರ್ಥವಾಯಿತು. ಸಿಸ್ಟರಿಗೆ ಹುಷಾರಿಲ್ಲ ಎಂದು ಊರಿಗೆ ಗೊತ್ತಾಗಿತ್ತು. ಊರು ಅವರನ್ನು ಮಾತಾಡಿಸಿಕೊಂಡು ಹೋಗಲು ಬಂದಿತ್ತು.

ಕೋಣೆಯಲ್ಲಿ ಕಿಟಕಿ ತೆರೆದಿತ್ತು. ಪಂಕಜಾಕ್ಷಿ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು, ಸುತ್ತ ಜನ. ಒಬ್ಬ ಹೆಂಗಸು ಕೈಗೂಸನ್ನು ಅವರ ತೊಡೆಯ ಮೇಲೆ ಮಲಗಿಸಿ, "ನನ್ನನ್ನೂ ನೀವೇ ಎತ್ತಿದ್ದು ಸಿಸ್ಟರ್, ಈಗ ನನ್ ಮಗೂನ ಎತ್ಕೊಳಿ" ಎನ್ನುತ್ತಿದ್ದಳು. ಬೇಕರಿಯ ಪರಮೇಶಿ ಎಂಬವನು ಮುಖವನ್ನು ಅವರ ಮುಖದ ಹತ್ತಿರ ತಂದು, "ನಾನ್ಯಾರು ಹೇಳಿ ನೋಡಾಣ? ಗುರ್ತು ಸಿಗ್ಲಿಲ್ವಾ? ಸರಿಯಾಗ್ ನೋಡಿ ಸಿಸ್ಟರ್, ಸರಿಯಾಗ್ ನೋಡಿ" ಎಂದು ಒತ್ತಾಯ ಮಾಡುತ್ತಿದ್ದ. ಅವರು ಸರಿಯಾಗಿಯೇ ನೋಡುತ್ತಿದ್ದರು. ಪಾಪ, ಯಾರಿಗೂ ಇಲ್ಲ ಎನ್ನದ ಜೀವ ಅದು.

ನಾನು ಕೂಗಾಡಿದೆ. ಕೆಟ್ಟದಾಗಿಯೇ ಕೂಗಾಡಿದೆ. ಎಲ್ಲರನ್ನೂ ಹೊರಗಿನ ಹಾಲಿಗೆ ಕಳಿಸಿ ಕೋಣೆಯ ಬಾಗಿಲು ಎಳೆದೆ.

"ಏನ್ ಸಾರ್ ನೀವು, ನಾವೇನ್ ಅವರಿಗೆ ಕೇಡು ಬಯಸ್ತೀವಾ?" ಎಂದ ಪರಮೇಶಿ. ಅವನಿಗೆ ನಿಜವಾಗಿಯೂ ನೋವಾಗಿತ್ತು. "ಇಡೀ ಊರಿಗೆ ತಾಯಿ ಇದ್ದಂಗೆ. ಹುಷಾರಿಲ್ಲ ಅಂತ ಗೊತ್ತಾದ್ಮೇಲೂ ಮಾತಾಡಿಸ್ದೆ ಇರೋಕೆ ನಾವೇನ್ ಮನುಷ್ಯರಲ್ವಾ?"

"ಬಾಗಿಲ ಮೇಲೆ ಬೋರ್ಡ್ ಹಾಕಿತ್ತಲ್ಲಯ್ಯ, ಒಳಗೆ ಬರಬೇಡಿ ಅಂತ."

"ಅದು ಬೇರೆಯೋರಿಗೆ ಅಂದ್ಕೊಂಡೆ ಸಾರ್."

ಇದಕ್ಕೆ ಏನು ಹೇಳುತ್ತೀರಿ? ಬಂದವರೆಲ್ಲ ಹಾಗೆಯೇ ಅಂದುಕೊಂಡಿದ್ದರು. ಗಂಗಮ್ಮನ ಕಡೆ ತಿರುಗಿದೆ. ಮುಖಕ್ಕೆ ಕಟ್ಟಿಕೊಳ್ಳಬೇಕಾದ ಬಟ್ಟೆ ಆಕೆಯ ಹೆಗಲ ಮೇಲಿತ್ತು.

"ಎಷ್ಟು ಜನಕ್ಕೆ ಅಂತ ಇಲ್ಲ ಅನ್ಲಿ?" ಎಂದರು ಗಂಗಮ್ಮ. "ಎಳನೀರು ಹಿಡ್ಕೊಂಡು ಬಿಸಿಲಲ್ಲಿ ನಡ್ಕೊಂಡು ಬಂದಿರ್ತಾರೆ. ಬಂದೋರ್ನ ಬಾಗ್ಲಲ್ಲೇ ನಿಲ್ಸಿ ಕಳ್ಸೋಕಾಗುತ್ತಾ? ಮೊದ್ಲು ಒಬ್ರನ್ನ ಬಿಟ್ಟೆ. ಅವರು ಹೋಗಿ ಹೇಳಿದ್ರು. ಆಮೇಲೆ ಇವರನ್ನ ಬಿಟ್ರಿ, ನಮ್ಮನ್ನ ಯಾಕ್ ಬಿಡಲ್ಲ ಅಂದ್ರು. ವಿನುತಾ ಬರೋ ಹೊತ್ತಿಗೆ ತಂದಿದ್ದನ್ನೆಲ್ಲ ಎತ್ತಿಡ್ತಿದ್ದೆ." ಆಮೇಲೆ ದನಿ ತಗ್ಗಿಸಿ, ಮುಖ ಅರಳಿಸಿ, "ಆದ್ರೆ ನಿಮಗ್ ಗೊತ್ತಾ ಸಾರ್, ಗುಣ ಕಾಣ್ತಿದೆ. ಆ ಕೂಸಿನ ತಾಯಿ ಮೊನ್ನೆ ಬಂದಾಗ ಗೊತ್ತಾಗ್ಲಿಲ್ಲ. ಇವತ್ತು ಹೆಸರು ಹಿಡಿದು ಕರೆದ್ಲು ನಮ್ಮಕ್ಕ. ಕತ್ಲೆ ಕೋಣೇಲಿ ಕೂಡಿಹಾಕಿದಾಗ ಆಗಿದ್ದೇನು? ಜನ ಬಂದ್ ಮೇಲೆ ತಾನೆ ನೆನಪು ಬರ್ತಿರೋದು?"

ನೆನಪು ಬರುತ್ತಿರಲಿಲ್ಲ. ಮೊನ್ನೆ ಆ ಹೆಂಗಸು ತನ್ನ ಹೆಸರು ಹೇಳಿ ಹೋಗಿದ್ದಳು, ಬಿಲ್ಲೆ ಅದನ್ನು ಹೊಸದಾಗಿ ಬರೆದುಕೊಂಡಿತ್ತು, ಇವತ್ತು ಅದನ್ನೇ ಒಪ್ಪಿಸಿತು. ಆದರೆ ಇದನ್ನು ಗಂಗಮ್ಮನಿಗೆ ಹೇಗೆ ಹೇಳುವುದು? ಅವರ ಕಣ್ಣಿಗೆ ಅಕ್ಕ ಚೇತರಿಸಿಕೊಳ್ಳುತ್ತಿದ್ದಾಳೆ. ನನ್ನ ಪರದೆಯ ಮೇಲೆ ಅಕ್ಕ ಕರಗಿಹೋಗುತ್ತಿದ್ದಾಳೆ. ಕಣ್ಣಾರೆ ಕಂಡದ್ದನ್ನು ಬಿಟ್ಟು ಪರದೆ ನಂಬು ಎಂದರೆ ಯಾರು ನಂಬುತ್ತಾರೆ? ನನ್ನ ತಾಯಿ ಹಾಸಿಗೆ ಹಿಡಿದಾಗ ಮಾತಾಡಿಸಲು ಬಾರದ ಸೋದರಮಾವನ ಜೊತೆ ನಮ್ಮ ಮನೆಯವರು ಇವತ್ತಿಗೂ ಮಾತಾಡುವುದಿಲ್ಲ. ನಾನೂ ಮಾತಾಡುವುದಿಲ್ಲ. ಹಾಗಿರುವಾಗ ಇವರಿಗೆ ಬುದ್ಧಿ ಹೇಳಲು ನನಗೆ ಬಾಯಿ ಎಲ್ಲಿದೆ.

ವಿನುತಾ ಬರುವವರೆಗೂ ಕಾದೆ. ಅವಳು ಬಂದು, ಮೇಜಿನ ಮೇಲಿನ ಹಣ್ಣು ಬ್ರೆಡ್ಡು ನೋಡಿದಳು. ಕೇಳಬೇಕಾದದ್ದು ಏನೂ ಉಳಿಯಲಿಲ್ಲ. ಕೋಣೆಯ ಬಾಗಿಲಿಗೆ ಬೀಗ ಹಾಕಿ ಬೀಗದಕೈಯನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. ಆಗ ಒಳಗಿನಿಂದ ತಾಯಿಯ ದನಿ ಕೇಳಿತು. "ಪರಮೇಶಿ ಹೋದ್ನಾ? ಪಾಪ, ಬ್ರೆಡ್ ತಂದಿದ್ದ."

ವಿನುತಾ ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟಳು. ತನ್ನ ದನಿ ಒಳಗೆ ಕೇಳಬಾರದೆಂದು ಬಾಯಿಗೆ ಕೈ ಒತ್ತಿಕೊಂಡಳು. ಬೀದಿಗೆ ಬಂದ ಮೇಲೆಯೇ ಮಾತಾಡಿದಳು.

"ಸಾರ್, ಪರಮೇಶಿ ಗೊತ್ತಿದ್ದಾನೆ. ನಾನು ಗೊತ್ತಿಲ್ಲ. ನಾನೂ ಒಂದ್ಸಲ ಹೋಗ್ಬಿಡ್ಲಾ? ಹಳೇದೆಲ್ಲ ಹೋದ್ರೆ ಹೋಗ್ಲಿ. ಹೊಸದಾಗಾದ್ರೂ ನನ್ನ ಕಲ್ತ್ಕೊಳ್ಲಿ. ಅವನಷ್ಟಾದ್ರೂ."

ಹ್ಞೂಂ ಎನ್ನಬಹುದಿತ್ತು. ಆದರೆ ಬೂದು ಹರವು ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು, ಓದುವ ಸಾಲು ಅದರ ಹತ್ತಿರ ಬರುತ್ತಿತ್ತು. ಅವಳು ಹುಟ್ಟಿದ್ದು, ನಡೆದದ್ದು, ಜ್ವರ ಬಂದದ್ದು, ಮೊದಲ ಸಲ ಖಾಕಿ ತೊಟ್ಟು ನಿಂತದ್ದು, ಎಲ್ಲ ಅಲ್ಲೇ ಇರಬೇಕು. ಅವಳು ಒಳಗೆ ಕಾಲಿಟ್ಟರೆ ಬಿಲ್ಲೆ ತಡಕಾಡುವುದು ಆ ಜಾಗವನ್ನೇ. "ಬೇಡಮ್ಮ. ಇನ್ನು ನಾಲ್ಕೈದು ದಿನ. ಇಷ್ಟು ದಿನ ತಡ್ಕೊಂಡಿದ್ದೀಯ" ಎಂದೆ. ನನ್ನ ಲೆಕ್ಕ ತಪ್ಪಾಗಿರಲಿಲ್ಲ. ಈಗಲೂ ಕೇಳಿದರೆ ಅದೇ ಹೇಳುತ್ತೇನೆ. ಹಾಗೆಂದು ಹೇಳಿದರೆ ನನಗೇನೂ ಸಮಾಧಾನ ಸಿಗುವುದಿಲ್ಲ.

ಅವಳು ತಡೆದುಕೊಂಡಳು. ಮತ್ತೆ ರಜೆ ಬರೆದು, ಬಾಗಿಲ ಮುಂದೆ ಚಾಪೆ ಹಾಸಿಕೊಂಡು ಕೂತಳು. ಊಟ ಕೊಡಲು ಗಂಗಮ್ಮ ಹೋಗುವಾಗ ಅಡುಗೆಮನೆಗೆ ಸರಿದು ನಿಲ್ಲುವಳು, ಬಾಗಿಲ ಸಂದಿಯಲ್ಲೂ ಇಣುಕಲಿಲ್ಲ. ಆದರೆ ಪಂಕಜಾಕ್ಷಿಗೆ ಈಗ ಜನ ಗೊತ್ತಿದ್ದರು. ಒಬ್ಬರೇ ಕೂತು ಅವರನ್ನೆಲ್ಲ ನೆನೆಸಿಕೊಳ್ಳುತ್ತಿದ್ದರು, ಕೂಸಿನ ಹೆಸರು ಹೇಳಿಕೊಂಡು ನಗುತ್ತಿದ್ದರು. ನೆನೆಸಿಕೊಂಡಾಗಲೆಲ್ಲ ಬಿಲ್ಲೆ ಅದನ್ನೇ ಇನ್ನಷ್ಟು ಅಗಲವಾಗಿ, ಇನ್ನಷ್ಟು ಗಟ್ಟಿಯಾಗಿ ಬರೆಯಿತು. ಬೀಗ ಹಾಕಿದ ಮೇಲೂ ಕೆಂಪು ನಿಲ್ಲಲಿಲ್ಲ. ಬಂದವರು ಮನೆಗೆ ಹೋಗಿದ್ದರು, ಒಳಗೆ ಕೂತವರು ಕೂತೇ ಇದ್ದರು.

ಓದುವುದು ಮುಗಿದ ದಿನ ಬೆಳಿಗ್ಗೆ ನಸ್ರೀನ್ ನನ್ನನ್ನು ಕರೆಯಲಿಲ್ಲ. ನಾನೇ ಹೋಗಿ ಅವಳ ಹಿಂದೆ ನಿಂತೆ. ಆ ಹರವಿನಿಂದ ಬಂದ ತುಣುಕುಗಳನ್ನು ಅವಳು ಒಂದೊಂದಾಗಿ ನಡೆಸಿ ತೋರಿಸಿದಳು. ಹೆರಿಗೆ ವಾರ್ಡು, ಬಿಳಿ ಹಾಸಿಗೆ. ಈ ಸಲ ಎತ್ತಿಕೊಳ್ಳುವವರು ಬೇರೆ ಯಾರೋ, ಹೆತ್ತದ್ದು ಪಂಕಜಾಕ್ಷಿಯೇ. ಮಗುವಿನ ಅಳು ಸ್ಪಷ್ಟವಾಗಿತ್ತು. ಬಟ್ಟೆಯನ್ನು ಸರಿಸಿ ಮುಖ ನೋಡಬೇಕು ಎನ್ನುವಷ್ಟರಲ್ಲಿ ಅಲ್ಲಿ ಪರಮೇಶಿಯ ಮುಖ ಬಂತು. ಹತ್ತಿರದಿಂದ, ಹಲ್ಲು ಬಿಟ್ಟುಕೊಂಡು, ಸರಿಯಾಗ್ ನೋಡಿ ಸಿಸ್ಟರ್ ಎನ್ನುತ್ತ. ಜ್ವರದಲ್ಲಿ ಮಲಗಿದ ಹುಡುಗಿಯ ಹಣೆಯ ಮೇಲೆ ಒದ್ದೆ ಬಟ್ಟೆ ಇತ್ತು, ಹಣೆಯ ಕೆಳಗೆ ಬೇರೆ ಯಾರದೋ ಕೈಗೂಸು. ಶಾಲೆಯ ಗೇಟಿನಿಂದ ಓಡಿಬರುವ ಎರಡು ಜಡೆ, ಮುಂದೆ ಎಳನೀರು. ಖಾಕಿ ಬಟ್ಟೆಯ ದಿನ ಇರಲೇ ಇಲ್ಲ.

ನಸ್ರೀನ್ ಪರದೆ ಆರಿಸಿ, ದುಪಟ್ಟಾದಿಂದ ಮುಖ ಮುಚ್ಚಿಕೊಂಡಳು. "ಹೇಳಿದ ಮಾತು ಕೇಳಿದವಳು ಆ ಮಗಳೊಬ್ಬಳೇ ಸಾರ್" ಎಂದಳು.

ಸಿಕ್ಕಿದ್ದನ್ನು ಸಿಕ್ಕ ಹಾಗೆ ಬಿಲ್ಲೆಗೆ ಹಿಂದಿರುಗಿಸಿದೆವು. ಆಸ್ಪತ್ರೆ, ತಂಗಿ, ಊರು, ಅಡುಗೆಯ ಕೈ, ಎಲ್ಲವೂ ಬಂದವು. ಮಗಳ ವಿಷಯ ವಿನುತಾಳಿಗೆ ನಾನೇ ಹೇಳಬೇಕಿತ್ತು. ಜಗಲಿಯ ಮೇಲೆ ಕೂರಿಸಿ ಹೇಳಿದೆ.

"ಟಿಕೆಟ್ ಹಿಡಿದ ಕೈ?"

"ಅದಿದೆ."

"ಮುಖ?"

ನಾನು ಇಲ್ಲವೆಂದು ತಲೆಯಾಡಿಸಿದೆ. ಹೊಸದಾಗಿ ಕಲಿತುಕೊಳ್ಳುತ್ತಾರೆ, ಮಗಳು ಎಂದು ಹೇಳಿದರೆ ನಂಬುತ್ತಾರೆ ಕೂಡ, ಎಂದೆ. ಹೇಳಿದ ಮೇಲೆ ನನಗೇ ಅಸಹ್ಯವಾಯಿತು. ಪರಮೇಶಿ ಹೇಳಿದ್ದನ್ನೂ ಅವರು ಹಾಗೆಯೇ ನಂಬಿದ್ದು.

ವಿನುತಾ ಕಿಟಕಿಯ ಮೇಲಿದ್ದ ಬಳೆಗಳನ್ನು ತೆಗೆದುಕೊಂಡು, ಧೂಳು ಒರೆಸಿ, ಮತ್ತೆ ತೊಟ್ಟಳು. ಬೀಗ ತೆಗೆದಳು. ಬಳೆಯ ಸದ್ದಿಗೆ ಒಳಗಿದ್ದವರು ತಲೆಯೆತ್ತಿದರು. ಒಂದು ಕ್ಷಣ ನನಗೂ ಆಸೆ ಹುಟ್ಟಿತು.

"ಬನ್ನಿ, ಬನ್ನಿ" ಎಂದರು ಪಂಕಜಾಕ್ಷಿ, ಸೆರಗು ಸರಿಮಾಡಿಕೊಂಡು. "ಮಾತಾಡಿಸ್ಕೊಂಡು ಹೋಗೋಣ ಅಂತ ಬಂದ್ರಾ? ಕೂತ್ಕೊಳಿ. ನಿಂತೇ ಇದ್ದೀರಲ್ಲ."

ವಿನುತಾ ಮಂಚದ ತುದಿಯಲ್ಲಿ ಕೂತಳು. "ಹೌದು. ಮಾತಾಡಿಸ್ಕೊಂಡು ಹೋಗೋಣ ಅಂತ ಬಂದೆ."

"ಏನ್ ಕೆಲಸದಲ್ಲಿದ್ದೀರಿ?"

"ಬಸ್ ಕಂಡಕ್ಟರ್."

"ಒಳ್ಳೇದಾಯ್ತು. ಹೆಣ್ಮಕ್ಕಳು ದುಡೀಬೇಕು." ಅವರು ವಿನುತಾಳ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು, ಅಂಗೈಯನ್ನು ಬಿಡಿಸಿ ನೋಡಿದರು. ಹುಬ್ಬು ಗಂಟಾಯಿತು. "ಒಂದು ಮಗು ಇತ್ತು ನೋಡಿ. ಹಳೇ ಟಿಕೆಟ್ ಎಲ್ಲ ಕೈತುಂಬ ಹಿಡ್ಕೊಂಡು ಆಡೋದು. ಎಷ್ಟು ಚೆಂದದ ಮಗು. ಯಾರ ಮಗುನೋ ಏನೋ, ನೆನಪಾಗ್ತಿಲ್ಲ."

ವಿನುತಾ ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ. ನಾನು ಬಾಗಿಲಲ್ಲಿ ನಿಂತಿದ್ದೆ, ಹೋಗುವುದಕ್ಕೂ ಆಗಲಿಲ್ಲ, ನೋಡುವುದಕ್ಕೂ ಆಗಲಿಲ್ಲ.

"ನಿಮ್ಮನ್ನೂ ನಾನೇ ಎತ್ಕೊಂಡಿದ್ದಾ?" ಎಂದು ಪಂಕಜಾಕ್ಷಿ ನಗುತ್ತ ಕೇಳಿದರು. "ಬಂದೋರೆಲ್ಲ ಅದೇ ಹೇಳ್ತಾರಪ್ಪ."

"ನಾನು ಹುಟ್ಟಿದಾಗ ನೀವೇ ಇದ್ರಿ, ಸಿಸ್ಟರ್" ಎಂದಳು ವಿನುತಾ.

ಅವರಿಗೆ ಬಹಳ ಸಂತೋಷವಾಯಿತು. ಅಡುಗೆಮನೆಯ ಕಡೆ ತಿರುಗಿ ಕೂಗಿದರು: "ಗಂಗಾ, ಇವರಿಗೊಂದು ಕಾಫಿ ತಗೊಂಡ್ ಬಾರೇ. ಮನೆಗ್ ಬಂದೋರ್ನ ಹಂಗೇ ಕಳಿಸ್ಬಾರ್ದು."